ಅಪ್ಪನ ಕಾಲುನೋವಿಗೆ ಕಾರಣ ಸಕ್ಕರೆ ಕಾಯಿಲೆಯೋ, ಬೀಡಿಯೋ?

ಕಬ್ಬಿನ ಹೊಲ, ಮುಧೋಳ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು, ಬೀಡಿಯ ಸಹವಾಸ ಅದಕ್ಕಿಂತ ಬಹಳ ಹಳೆಯದು. ಕಳೆದ ಕಬ್ಬು ಕಟಾವಿನ ಹಂಗಾಮಿನಿಂದ ಅವರಿಗೆ ಮನೆಯಿಂದ ಹೊಲದವರೆಗೆ ನಿಲ್ಲದೆ ನಡೆಯಲು ಆಗುತ್ತಿಲ್ಲ. ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಬದುವಿನ ಮೇಲೆ ಸುಮ್ಮನೆ ನಿಂತರೆ ಎರಡು ಮೂರು ನಿಮಿಷಗಳಲ್ಲಿ ಬಿಡುತ್ತದೆ, ಮತ್ತೆ ಅಷ್ಟೇ ದೂರ ಹೋದರೆ ಮತ್ತೆ ಹಿಡಿಯುತ್ತದೆ. ಮೊದಲು ತೋರಿಸಿದ ಕಡೆ ವಾಯು ಎಂದು ಹೇಳಿ ನೋವಿನ ಗುಳಿಗೆ ಕೊಟ್ಟು ಕಳಿಸಿದ್ದರು. ಈಗ ಬೇರೆ ವೈದ್ಯರು ಪಾದದ ನಾಡಿ ಮುಟ್ಟಿ ನೋಡಿ, ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತಿರುವಂತಿದೆ, ಪೆರಿಫೆರಲ್ ಆರ್ಟರಿ ಡಿಸೀಸ್ ಇರಬಹುದು ಎಂದು ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಪರೀಕ್ಷೆ ಬರೆದುಕೊಟ್ಟಿದ್ದಾರೆ.

ಮನೆಯಲ್ಲಿ ಈಗ ಇದೇ ಜಗಳ. ಅಪ್ಪನ ವಾದವೆಂದರೆ, "ಇದು ಸಕ್ರಿ ಬ್ಯಾನಿಯಿಂದ ಆಗೇತಿ, ಬೀಡಿ ಹೊಗಿ ಎದಿಗೆ ಹೋಗ್ತೈತಿ, ಕಾಲಿಗೆ ಏನ್ ಮಾಡ್ತೈತಿ?" ಕಾಕಾನ ವಾದ ತದ್ವಿರುದ್ಧ: ಸಕ್ಕರೆ ಹಿಡಿತದಲ್ಲಿದೆ, ಉಪವಾಸದ ರಕ್ತ ಪರೀಕ್ಷೆಯಲ್ಲಿ 118 ಬಂದಿದೆ, ಆದ್ದರಿಂದ ಎಲ್ಲವೂ ಬೀಡಿಯ ಪ್ರತಾಪವೇ. ಇವೆರಡೂ ಕಾಲಿನ ರಕ್ತನಾಳಕ್ಕೆ ನಿಜವಾಗಿ ಏನು ಮಾಡುತ್ತವೆ, ಒಂದನ್ನು ಹಿಡಿತಕ್ಕೆ ತಂದರೆ ಸಾಕೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಎರೆಮಣ್ಣು, ತಾಳಿಕೋಟೆ

ನಿಮ್ಮ ಅಪ್ಪಾಜಿಯವರು ಅರ್ಧ ಹಿಡಿದುಕೊಂಡಿದ್ದಾರೆ, ಕಾಕಾ ಇನ್ನರ್ಧ ಹಿಡಿದುಕೊಂಡಿದ್ದಾರೆ. ಇಬ್ಬರನ್ನೂ ಒಂದೇ ಹೊರಸಿನ ಮೇಲೆ ಕೂರಿಸಿ.

ಸಿಸ್ಟರ್ ಅಕ್ಕ, ಬೆಳಗಾವಿ

ನಾನು ವೈದ್ಯೆಯಲ್ಲ, ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಬಹಳ ಕಾಲ ದುಡಿದ ನರ್ಸ್. ಕಾಲು ಕಪ್ಪಾದ ಮೇಲೆ ಬಂದವರನ್ನು ನೋಡಿ ನೋಡಿ ಸಾಕಾಗಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಪದರವಿರುತ್ತದೆ. ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿಡುತ್ತದೆ ಮತ್ತು ರಕ್ತ ಅಲ್ಲಲ್ಲೇ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಸಕ್ಕರೆ ವರ್ಷಗಟ್ಟಲೆ ಏರಿಯೇ ಉಳಿದರೆ ಮೊದಲು ಸೋಲುವುದು ಈ ಪದರ. ಆಮೇಲೆ ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಗೆ ಇಳಿದು ಅಲ್ಲಿ ಉರಿಯೂತ ಎಬ್ಬಿಸುತ್ತದೆ, ಗೋಡೆಯ ಪ್ರೋಟೀನುಗಳಿಗೆ ಸಕ್ಕರೆ ಅಂಟಿಕೊಂಡು ಅದು ಗಡುಸಾಗುತ್ತದೆ, ನಡುಪದರದಲ್ಲಿ ಸುಣ್ಣದ ಅಂಶ ಕೂಡುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ.

ಬೀಡಿಯ ಹೊಗೆ ಎದೆಗೆ ಹೋಗುತ್ತದೆ ಎಂಬುದು ನಿಜ, ಆದರೆ ಅದು ಅಲ್ಲೇ ನಿಲ್ಲುವುದಿಲ್ಲ. ಶ್ವಾಸಕೋಶದಿಂದ ರಕ್ತಕ್ಕೆ ಸೇರಿದ ನಿಕೋಟಿನ್ ನಾಳಗಳನ್ನು ಬಿಗಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ, ಹೊಗೆಯ ಉಳಿದ ವಿಷಗಳು ಆ ತೆಳು ಪದರವನ್ನು ನೇರವಾಗಿ ಸುಡುತ್ತವೆ, ರಕ್ತದಲ್ಲಿ ಫೈಬ್ರಿನೋಜೆನ್ ಹೆಚ್ಚಿ ರಕ್ತ ಹೆಪ್ಪುಗಟ್ಟುವ ಗುಣ ಏರುತ್ತದೆ. ಅಪ್ಪಾಜಿಯವರಿಗೆ ಆಶ್ಚರ್ಯವಾಗಬಹುದು, ಧೂಮಪಾನಕ್ಕೂ ಕಾಲಿನ ನಾಳದ ಕಾಯಿಲೆಗೂ ಇರುವ ನಂಟು ಹೃದಯದ ನಾಳದ ಕಾಯಿಲೆಯೊಂದಿಗೆ ಇರುವುದಕ್ಕಿಂತಲೂ ಬಲವಾದದ್ದು.

ಇನ್ನು ಮುಖ್ಯವಾದ ಮಾತು. ಇವೆರಡೂ ಕಾಲನ್ನು ಹಿಡಿಯುವ ಜಾಗ ಸಾಮಾನ್ಯವಾಗಿ ಬೇರೆ ಬೇರೆ. ತಂಬಾಕು ಹೆಚ್ಚಾಗಿ ಕಿಬ್ಬೊಟ್ಟೆ ಮತ್ತು ತೊಡೆಯ ದೊಡ್ಡ ನಾಳಗಳನ್ನು ಹಾಳು ಮಾಡುತ್ತದೆ, ಸಕ್ಕರೆ ಕಾಯಿಲೆ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳನ್ನು ಹಾಳು ಮಾಡುತ್ತದೆ. ಎರಡೂ ಇರುವ ಮನುಷ್ಯನಿಗೆ ಮೇಲೆಯೂ ಅಡ್ಡಿ, ಕೆಳಗೆಯೂ ಅಡ್ಡಿ. ಮೇಲಿನದನ್ನು ಬಲೂನು ಹಾಕಿ ತೆರೆದರೂ ಕೆಳಗೆ ರಕ್ತ ಹೋಗಲು ದಾರಿಯಿಲ್ಲದೆ ವೈದ್ಯರು ತಲೆ ಕೆಡಿಸಿಕೊಳ್ಳುವುದು ಇಂಥವರ ವಿಷಯದಲ್ಲೇ.

ಆಲಮಟ್ಟಿಯ ನೀರು, ಬಸವನ ಬಾಗೇವಾಡಿ

ಅಂದರೆ ಬೀಡಿ ದೊಡ್ಡ ಕಾಲುವೆಗೆ ಹೂಳು ತುಂಬುತ್ತದೆ, ಸಕ್ಕರೆ ಹೊಲದೊಳಗಿನ ಹರಿಗಳನ್ನು ಮುಚ್ಚುತ್ತದೆ ಎಂದಾಯಿತು. ಕೊನೆಯ ಹೊಲದ ರೈತ, ಅಂದರೆ ಕಾಲಿನ ಬೆರಳು, ಎರಡೂ ಕಡೆಯಿಂದ ಕೆಟ್ಟ.

ಸಿಸ್ಟರ್ ಅಕ್ಕ, ಬೆಳಗಾವಿ

ಹೋಲಿಕೆ ಒಪ್ಪುತ್ತದೆ ಅಣ್ಣಾರೆ, ಆದರೆ ಒಂದು ವ್ಯತ್ಯಾಸವಿದೆ. ದೊಡ್ಡ ಕಾಲುವೆ ನಿಧಾನವಾಗಿ ಮುಚ್ಚಿಕೊಂಡರೆ ದೇಹ ಪಕ್ಕದ ಸಣ್ಣ ದಾರಿಗಳನ್ನು ತಾನಾಗಿಯೇ ಅಗಲಿಸಿಕೊಳ್ಳುತ್ತದೆ. ಎಷ್ಟೋ ಜನ ಅದರ ಬಲದ ಮೇಲೆಯೇ ವರ್ಷಗಟ್ಟಲೆ ನಡೆದಾಡುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಹೀಗೆ ಹೊಸ ದಾರಿ ಮಾಡಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ.

ಗಟ್ಟಿಮುಟ್ಟು, ಗೋಕಾಕ

ಇಷ್ಟೆಲ್ಲ ಹೆದರಿಸುವ ಅಗತ್ಯವಿದೆಯೇ? ನಮ್ಮ ಮುತ್ಯಾ ತೊಂಬತ್ತರ ಹತ್ತಿರದವರೆಗೂ ಬೀಡಿ ಸೇದಿದರು, ದಿನವೂ ದನ ಹೊಡೆದುಕೊಂಡು ಗುಡ್ಡ ಹತ್ತಿ ಇಳಿದರು, ಕಾಲಿಗೆ ಏನೂ ಆಗಲಿಲ್ಲ. ಬೀಡಿ ಎಲೆಯಿಂದ ಮಾಡಿದ್ದು, ಸಿಗರೇಟಿನಂತೆ ಕಾಗದವಿಲ್ಲ, ರಾಸಾಯನಿಕವಿಲ್ಲ.

ನಿಪ್ಪಾಣಿಯವ, ನಿಪ್ಪಾಣಿ

ನಮ್ಮದು ಬೀಡಿ ತಂಬಾಕಿನ ಊರು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ರೈತರು ಹೆದ್ದಾರಿಯ ಮೇಲೆ ಕುಳಿತದ್ದು, ಗೋಲಿಬಾರಿನಲ್ಲಿ ಜೀವ ಕಳೆದುಕೊಂಡದ್ದು ಇಲ್ಲೇ. ಬೀಡಿ ಸುತ್ತಿಯೇ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಓಣಿಯಲ್ಲಿದ್ದಾರೆ. ಆದ್ದರಿಂದ ತಂಬಾಕಿನ ಬಗ್ಗೆ ಹಗುರವಾಗಿ ಬೈಯುವ ಮನಸ್ಸು ನನಗಿಲ್ಲ. ಆದರೆ ಎಲೆಯಲ್ಲಿ ಸುತ್ತಿದ್ದರಿಂದ ಬೀಡಿ ಸೌಮ್ಯ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಬೀಡಿ ಆರಿಹೋಗದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುತ್ತದೆ, ಹೀಗಾಗಿ ಒಳಗಿನ ತಂಬಾಕು ಕಡಿಮೆಯಿದ್ದರೂ ನಿಕೋಟಿನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗುವುದುಂಟು.

ನಿಮ್ಮ ಮುತ್ಯಾ ಅವರಿಗೆ ಸಕ್ಕರೆ ಕಾಯಿಲೆ ಇತ್ತೇ?

ಗಟ್ಟಿಮುಟ್ಟು, ಗೋಕಾಕ

ಇರಲಿಲ್ಲ. ಆಗಿನ ಕಾಲದಲ್ಲಿ ಯಾರು ನೋಡಿಸುತ್ತಿದ್ದರು?

ಎರೆಮಣ್ಣು, ತಾಳಿಕೋಟೆ

ನೋಡಿಸದಿದ್ದರೆ ಇರಲಿಲ್ಲ ಎಂದು ಹೇಗೆ ಹೇಳುತ್ತೀರಿ? ಅದೂ ಅಲ್ಲದೆ, ಬದುಕಿ ಉಳಿದ ಮುತ್ಯಾನ ಕಥೆ ಹೇಳಲು ಮೊಮ್ಮಗ ಇರುತ್ತಾನೆ, ಐವತ್ತಕ್ಕೇ ಹೋದವರ ಕಥೆಯನ್ನು ವೇದಿಕೆಗೆ ಬಂದು ಯಾರೂ ಬರೆಯುವುದಿಲ್ಲ.

ಮಲಪ್ರಭೆಯ ಮಗಳು, ಸವದತ್ತಿ

ಕಾಕಾ ಅವರ 118ರ ಬಗ್ಗೆ ಒಂದು ಮಾತು. ಆಸ್ಪತ್ರೆಗೆ ಹೋಗುವ ಮುನ್ನ ಎರಡು ದಿನ ಅನ್ನ ಬಿಟ್ಟು ರೊಟ್ಟಿ ತಿಂದು, ರಾತ್ರಿ ಬೇಗ ಮಲಗಿ, ಬೆಳಿಗ್ಗೆ ರಕ್ತ ಕೊಟ್ಟು, ಸಂಖ್ಯೆ ನೋಡಿ ಸಂತೋಷಪಡುವವರು ನಮ್ಮ ಮನೆಯಲ್ಲೂ ಇದ್ದಾರೆ. ಎರಡು ಮೂರು ತಿಂಗಳ ಸರಾಸರಿ ತಿಳಿಯಬೇಕಾದರೆ ಎಚ್‌ಬಿಎ1ಸಿ ಮಾಡಿಸಬೇಕು. ಬ್ರಿಟನ್ನಿನಲ್ಲಿ ಟೈಪ್ 2 ಮಧುಮೇಹಿಗಳ ಮೇಲೆ ಬಹುಕಾಲ ನಡೆದ ಯುಕೆಪಿಡಿಎಸ್ ಅಧ್ಯಯನದಲ್ಲಿ ಈ ಸಂಖ್ಯೆ ಶೇಕಡಾ 1ರಷ್ಟು ಏರಿದಾಗಲೆಲ್ಲ ಕಾಲಿನ ನಾಳದ ಕಾಯಿಲೆಯ ಅಪಾಯ ಶೇಕಡಾ 28ರಷ್ಟು ಹೆಚ್ಚಿದ್ದು ಕಂಡುಬಂದಿತ್ತು.

ಕರದಂಟು, ಅಮೀನಗಡ

ಬೆಲ್ಲ ತಿಂದರೆ ಏನೂ ಆಗುವುದಿಲ್ಲವಂತೆ. ಮಹಾಲಿಂಗಪುರದ ಬೆಲ್ಲವನ್ನು ದಿನಾ ಚಹಾಕ್ಕೆ ಹಾಕಿಕೊಳ್ಳುವ ನಮ್ಮ ಮಾಮಾ ಹೇಳಿದ್ದು.

ಮಲಪ್ರಭೆಯ ಮಗಳು, ಸವದತ್ತಿ

ನಿಮ್ಮ ಹೆಸರು ನೋಡಿಯೇ ಈ ಪ್ರಶ್ನೆ ಬರುತ್ತದೆಂದು ಅಂದುಕೊಂಡಿದ್ದೆ! ಬೆಲ್ಲವೂ ಸಕ್ಕರೆಯೇ, ರಕ್ತಕ್ಕೆ ಅದರ ಬಣ್ಣ ಕಾಣುವುದಿಲ್ಲ.

ಕಬ್ಬಿನ ಹೊಲ, ಮುಧೋಳ

ಎಲ್ಲರಿಗೂ ಧನ್ಯವಾದ. ಪರೀಕ್ಷೆಗಳು ಆಗಿವೆ. ಎಚ್‌ಬಿಎ1ಸಿ 8.9 ಬಂದಿದೆ, ಕಾಕಾ ಅದನ್ನು ನೋಡಿ ಸುಮ್ಮನಾದರು. ಕಾಲಿನ ವರದಿಯಲ್ಲಿ ಎಬಿಐ ಎಂದು ಬರೆದು ಬಲಗಾಲಿಗೆ 0.74, ಎಡಗಾಲಿಗೆ 1.46 ಎಂದು ಕೊಟ್ಟಿದ್ದಾರೆ. ನೋವಿರುವುದು ಎಡಗಾಲಿನಲ್ಲಿ. ಸಂಖ್ಯೆ ದೊಡ್ಡದಿರುವುದರಿಂದ ಎಡಗಾಲು ಚೆನ್ನಾಗಿದೆ, ನೋವು ವಾಯುವಿನದ್ದೇ ಎಂದು ಅಪ್ಪ ಮತ್ತೆ ಹಳೆಯ ರಾಗ ತೆಗೆದಿದ್ದಾರೆ. ಇದು ಹೇಗೆ?

ಇನ್ನೊಂದು ವಿಷಯ ಅವ್ವ ಈಗ ಹೇಳಿದಳು. ಅಪ್ಪ ರಾತ್ರಿ ನಡುವೆ ಎದ್ದು ಹೊರಸಿನ ಅಂಚಿನಿಂದ ಎಡಗಾಲನ್ನು ಕೆಳಗೆ ಇಳಿಬಿಟ್ಟು ಕೂರುತ್ತಾರಂತೆ. ಕೇಳಿದರೆ ಸೆಕೆ ಎನ್ನುತ್ತಾರಂತೆ.

ಡಾಪ್ಲರ್ ಕೋಣೆ, ವಿಜಯಪುರ

ನಾನು ಈ ಪರೀಕ್ಷೆ ಮಾಡುವ ಕೆಲಸದಲ್ಲೇ ಇದ್ದೇನೆ, ಆದ್ದರಿಂದ ಇದಕ್ಕೆ ಉತ್ತರಿಸುತ್ತೇನೆ. ಎಬಿಐ ಎಂದರೆ ಕಾಲಿನ ಹರಡಿನ ಬಳಿ ಅಳೆದ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆ. 1.0ರಿಂದ 1.4ರವರೆಗೆ ಇದ್ದರೆ ಸರಿ. 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆ ಎಂದರ್ಥ, ಆದ್ದರಿಂದ ನೋವಿಲ್ಲದ ಬಲಗಾಲಿನಲ್ಲೂ ಕಾಯಿಲೆ ಇದೆ. 1.4 ದಾಟಿದರೆ ಆ ಕಾಲು ಹೆಚ್ಚು ಆರೋಗ್ಯವಾಗಿದೆ ಎಂದಲ್ಲ. ನಾಳದ ಗೋಡೆಯಲ್ಲಿ ಸುಣ್ಣದ ಅಂಶ ಕೂಡಿ ಅದು ಎಷ್ಟು ಗಡುಸಾಗಿದೆಯೆಂದರೆ ಪಟ್ಟಿಗೆ ಗಾಳಿ ತುಂಬಿ ಎಷ್ಟು ಒತ್ತಿದರೂ ನಾಳ ಮಡಿಯುವುದಿಲ್ಲ, ಹಾಗಾಗಿ ಯಂತ್ರ ಸುಳ್ಳು ಸಂಖ್ಯೆ ತೋರಿಸುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಮೂತ್ರಪಿಂಡ ಸೋತವರಲ್ಲಿ ಇದು ಮಾಮೂಲು.

ಇಂಥವರಿಗೆ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಏಕೆಂದರೆ ಬೆರಳಿನ ನಾಳಗಳಲ್ಲಿ ಸುಣ್ಣ ಅಷ್ಟಾಗಿ ಕೂಡುವುದಿಲ್ಲ. ಬೆರಳಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.7ಕ್ಕಿಂತ ಕಡಿಮೆ ಬಂದರೆ ತೊಂದರೆಯಿದೆ. ನಿಮ್ಮ ಡಾಪ್ಲರ್ ವರದಿಯಲ್ಲಿ ಎಡಗಾಲಿನ ಸಾಲುಗಳನ್ನು ಹುಡುಕಿ, ಮೊನೊಫೇಸಿಕ್ ಎಂಬ ಪದ ಇದೆಯೇ ನೋಡಿ. ಆರೋಗ್ಯವಂತ ನಾಳದ ಮೇಲೆ ಪ್ರೋಬ್ ಇಟ್ಟರೆ ಪ್ರತಿ ಬಡಿತಕ್ಕೆ ಮೂರು ಭಾಗದ ಚುರುಕಾದ ಸದ್ದು ಕೇಳುತ್ತದೆ. ಕಟ್ಟಿಕೊಂಡ ನಾಳದಲ್ಲಿ ಒಂದೇ ಭಾಗದ, ಎಳೆದಂತಹ ಮಂದ ಸದ್ದು ಬರುತ್ತದೆ. ಜೆಲ್ ಹಚ್ಚಿ ಪಾದದ ಮೇಲ್ಭಾಗಕ್ಕೆ ಪ್ರೋಬ್ ಇಟ್ಟ ಕ್ಷಣದಲ್ಲೇ, ಪರದೆಯ ಕಡೆ ನೋಡುವ ಮೊದಲೇ, ನಮಗೆ ಅರ್ಧ ವರದಿ ಗೊತ್ತಾಗಿರುತ್ತದೆ.

ಕಬ್ಬಿನ ಹೊಲ, ಮುಧೋಳ

ಮೊಣಕಾಲಿನ ಕೆಳಗೆ ಎರಡು ನಾಳಗಳ ಮುಂದೆ ಮೊನೊಫೇಸಿಕ್ ಎಂದೇ ಇದೆ ಸರ್. ತೊಡೆಯ ನಾಳದ ಮುಂದೆಯೂ ಏನೋ ಅಡಚಣೆ ಎಂದು ಬರೆದಿದ್ದಾರೆ.

ಸಿಸ್ಟರ್ ಅಕ್ಕ, ಬೆಳಗಾವಿ

ಹಾಗಾದರೆ ಅಪ್ಪ ಹೇಳಿದ ಸಕ್ಕರೆಯ ಕೈಯೂ ಇದೆ, ಕಾಕಾ ಹೇಳಿದ ಬೀಡಿಯ ಕೈಯೂ ಇದೆ.

ಹೊರಸಿನಿಂದ ಕಾಲು ಇಳಿಬಿಡುವ ವಿಷಯವನ್ನು ದಯವಿಟ್ಟು ಸೆಕೆ ಎಂದು ಬಿಡಬೇಡಿ. ಮಲಗಿದಾಗ ಪಾದಕ್ಕೆ ರಕ್ತ ಸಾಲದೆ ಬೆರಳುಗಳು ಉರಿಯುತ್ತವೆ, ಕಾಲನ್ನು ಕೆಳಗೆ ಬಿಟ್ಟಾಗ ಭೂಮಿಯ ಸೆಳೆತದಿಂದ ಒಂದಿಷ್ಟು ರಕ್ತ ಇಳಿದು ಆರಾಮವೆನಿಸುತ್ತದೆ. ನಡೆದಾಗ ಮಾತ್ರ ನೋಯುತ್ತಿದ್ದ ಕಾಲು ಮಲಗಿದಾಗಲೂ ನೋಯತೊಡಗಿದರೆ ಕಾಯಿಲೆ ಮುಂದಿನ ಮೆಟ್ಟಿಲು ಏರಿದೆ ಎಂದೇ ಲೆಕ್ಕ. ಇಂದೇ ಅವರ ಪಾದವನ್ನು ಬೆಳಕಿನಲ್ಲಿ ನೋಡಿ. ಬೆರಳುಗಳ ಸಂದಿ, ಹಿಮ್ಮಡಿ, ಉಗುರಿನ ಮೂಲೆ, ಯಾವುದನ್ನೂ ಬಿಡಬೇಡಿ. ಮಲಗಿಸಿ ಕಾಲನ್ನು ಮೇಲಕ್ಕೆ ಎತ್ತಿ ಹಿಡಿದಾಗ ಅಂಗಾಲು ಬಿಳಿಚಿಕೊಂಡು, ಕೆಳಗೆ ಬಿಟ್ಟಾಗ ಕೆಂಪಗಾಗುತ್ತದೆಯೇ ಗಮನಿಸಿ.

ಯೋಗಕ್ಷೇಮ, ಇಳಕಲ್

ಉಬ್ಬಿದ ನರಗಳಿಗೆ ಹಾಕುವ ಬಿಗಿಯಾದ ಕಾಲುಚೀಲ ಸಿಗುತ್ತದೆ, ಔಷಧದ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನನ್ನ ಅತ್ತಿಗೆಗೆ ಅದರಿಂದ ಬಹಳ ಗುಣವಾಯಿತು. ರಾತ್ರಿ ಬಿಸಿನೀರಿನ ಶಾಖವನ್ನೂ ಕೊಡಿ.

ಡಾಪ್ಲರ್ ಕೋಣೆ, ವಿಜಯಪುರ

ಅಕ್ಕಾರೆ, ಸದುದ್ದೇಶದಿಂದ ಹೇಳಿದ್ದೀರಿ, ಆದರೆ ಎರಡೂ ಇಲ್ಲಿ ಅಪಾಯ. ನಿಮ್ಮ ಅತ್ತಿಗೆಯವರದು ಹೃದಯಕ್ಕೆ ರಕ್ತ ಹಿಂತಿರುಗಿಸುವ ನಾಳಗಳ ತೊಂದರೆ, ಅಲ್ಲಿ ಒತ್ತುವ ಕಾಲುಚೀಲ ಕೆಲಸ ಮಾಡುತ್ತದೆ. ಇವರದು ಕಾಲಿಗೆ ರಕ್ತ ತರುವ ನಾಳಗಳ ತೊಂದರೆ. ಮೊದಲೇ ರಕ್ತ ಸಾಲದ ಕಾಲನ್ನು ಇನ್ನಷ್ಟು ಒತ್ತಿದರೆ ಚರ್ಮವೇ ಸಾಯಬಹುದು. ಬಿಸಿನೀರಿನ ಚೀಲವಂತೂ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬೆಂಕಿಯಿಟ್ಟಂತೆಯೇ, ಬೊಬ್ಬೆ ಎದ್ದಮೇಲೆಯೇ ಸುಟ್ಟಿದ್ದು ಗೊತ್ತಾಗುತ್ತದೆ.

ಮರಗಾಲು, ಜಮಖಂಡಿ

ಸ್ಪರ್ಶದ ಮಾತು ಬಂದಿದ್ದರಿಂದ ಬರೆಯುತ್ತೇನೆ. ನಮ್ಮ ಕಡೆಯಿಂದ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ಎಲ್ಲರಿಗೂ ಗೊತ್ತು. ನಮ್ಮ ಓಣಿಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆ ಇದ್ದರೂ ಪ್ರತಿ ವರ್ಷದಂತೆ ಬರಿಗಾಲಿನಲ್ಲೇ ಹೊರಟರು. ಅವರ ಜೇಬಿನಲ್ಲಿ ಬೀಡಿಯ ಕಟ್ಟು ಯಾವಾಗಲೂ ಇರುತ್ತಿತ್ತು. ಬಿಸಿಲಿಗೆ ಡಾಂಬರು ಕಾದಿತ್ತು. ಜೊತೆಯಲ್ಲಿದ್ದ ನಾವೆಲ್ಲ ರಸ್ತೆಯ ಅಂಚಿನ ಮಣ್ಣು ಹುಡುಕಿ ಹೆಜ್ಜೆ ಹಾಕುತ್ತಿದ್ದರೆ ಅವರು ಮಾತ್ರ ನಡುರಸ್ತೆಯಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿದ್ದರು. ಮಲ್ಲಯ್ಯನ ಕೃಪೆ ಎಂದು ನಾವು ಅಂದುಕೊಂಡೆವು. ರಾತ್ರಿ ತಂಗಿದ ಕಡೆ ಕಾಲು ತೊಳೆಯಲು ಕೂತಾಗ ಅಂಗಾಲಿನ ಚರ್ಮ ಹೆಬ್ಬೆರಳಿನ ಬುಡದಿಂದ ಹಾಳೆಯಂತೆ ಎದ್ದು ಬಂದಿತ್ತು, ಅದರೊಳಗೆ ಒಂದು ಸಣ್ಣ ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು, ಅವರಿಗೆ ಅದರ ಅರಿವೇ ಇರಲಿಲ್ಲ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಮತ್ತೆ ನಡೆದರು. ಊರಿಗೆ ಮರಳಿದ ಮೇಲೆ ಎರಡು ಬೆರಳು ತೆಗೆಯಬೇಕಾಯಿತು.

ಶ್ರೀಗಿರಿ, ರಬಕವಿ

ಯಾತ್ರೆಯ ಮೇಲೆ ತಪ್ಪು ಹೊರಿಸಬೇಡಿ. ಎಷ್ಟು ಸಾವಿರ ಜನ ನಡೆಯುತ್ತಾರೆ, ಎಲ್ಲರಿಗೂ ಹೀಗಾಗುತ್ತದೆಯೇ? ಇಲ್ಲಿಯೇ ವೈದ್ಯರು ನಡೆಯಿರಿ ನಡೆಯಿರಿ ಎನ್ನುತ್ತಾರೆ, ನಡೆದರೆ ಕಾಲು ಹೋಯಿತು ಎನ್ನುತ್ತೀರಿ.

ಸಿಸ್ಟರ್ ಅಕ್ಕ, ಬೆಳಗಾವಿ

ಯಾತ್ರೆಯನ್ನು ಯಾರೂ ದೂರುತ್ತಿಲ್ಲ ಅಣ್ಣಾರೆ. ಆದರೆ ನಿಮ್ಮ ಪ್ರಶ್ನೆ ಸರಿಯಾದದ್ದು, ಬಹಳ ಜನ ಎಡವುವುದು ಇಲ್ಲಿಯೇ.

ಕಾಲಿನ ನಾಳದ ಕಾಯಿಲೆಗೆ ನಡಿಗೆಯೇ ಔಷಧ. ಮೀನಖಂಡ ಸಾಕಷ್ಟು ನೋಯುವವರೆಗೆ ನಡೆಯಬೇಕು, ನಿಂತು ನೋವು ಹೋಗುವವರೆಗೆ ಕಾಯಬೇಕು, ಮತ್ತೆ ನಡೆಯಬೇಕು. ಹೀಗೆ ಒಮ್ಮೆಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ಬಾರಿ, 12 ವಾರ ಬಿಡದೆ ಮಾಡಿದವರು ನೋವಿಲ್ಲದೆ ನಡೆಯುವ ದೂರವನ್ನು ಚೆನ್ನಾಗಿ ಹೆಚ್ಚಿಸಿಕೊಳ್ಳುತ್ತಾರೆ. ಆದರೆ ಇದು ಪಾದದಲ್ಲಿ ಗಾಯವಿಲ್ಲದ, ರಾತ್ರಿ ನೋವಿಲ್ಲದವರಿಗೆ ಹೇಳಿದ್ದು, ಅದೂ ಸರಿಯಾದ ಪಾದರಕ್ಷೆ ಹಾಕಿಕೊಂಡು. ಮುಧೋಳದ ಅಪ್ಪಾಜಿಯವರು ಮೊದಲು ವೈದ್ಯರಿಗೆ ತೋರಿಸಬೇಕು, ಆಮೇಲೆ ನಡಿಗೆಯ ಮಾತು.

ಆ ಹಿರಿಯರಿಗೆ ಆದದ್ದು ಇಷ್ಟು. ಸಕ್ಕರೆ ಕಾಯಿಲೆ ನಾಳದ ಜೊತೆಗೆ ನರವನ್ನೂ ಕೊಲ್ಲುತ್ತದೆ. ಮುಟ್ಟಿದ್ದು ಗೊತ್ತಾಗುವ ನರ ಹೋದರೆ ಸುಟ್ಟಿದ್ದು ತಿಳಿಯುವುದಿಲ್ಲ, ಬೆವರು ಹೊರಡಿಸುವ ನರ ಹೋದರೆ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ, ಪಾದದ ಸ್ನಾಯುಗಳ ನರ ಹೋದರೆ ಬೆರಳುಗಳು ಕೊಕ್ಕೆಯಂತೆ ಬಾಗಿ ಹೊಸ ಜಾಗದಲ್ಲಿ ಭಾರ ಬಿದ್ದು ಆಣಿ ಏಳುತ್ತದೆ. ಅದೇ ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಂಡು ವಾರ್ಡಿಗೆ ಬಂದವರು ಎಷ್ಟೋ ಜನ. ಗಾಯ ಆದ ಮೇಲೆ ಅದು ಮಾಯಬೇಕಾದರೆ ಮೊದಲಿಗಿಂತ ಹೆಚ್ಚು ರಕ್ತ ಬೇಕು, ತಂಬಾಕು ಆ ರಕ್ತವನ್ನು ಮೇಲೆಯೇ ತಡೆದಿರುತ್ತದೆ. ನೋವು ಇಲ್ಲ ಎಂಬುದು ಸಾಮಾನ್ಯರಿಗೆ ಒಳ್ಳೆಯ ಸುದ್ದಿ, ಸಕ್ಕರೆ ಕಾಯಿಲೆಯವರಿಗೆ ಅದು ಏನನ್ನೂ ಹೇಳುವುದಿಲ್ಲ.

ಶ್ರೀಗಿರಿ, ರಬಕವಿ

ಇದನ್ನು ಒಪ್ಪುತ್ತೇನೆ. ನಮ್ಮ ತಂಡದಲ್ಲಿ ಸಕ್ಕರೆ ಕಾಯಿಲೆ ಇದ್ದವರಿಗೆ ಮುಂದಿನ ಸಲ ಬೂಟು ಹಾಕಿಕೊಳ್ಳಲು ಹೇಳುತ್ತೇನೆ, ಗುಡಿಯ ಮೆಟ್ಟಿಲ ಹತ್ತಿರ ಬಿಟ್ಟರಾಯಿತು.

ಹೊಸ ಸೊಸೆ, ಖಾನಾಪುರ

ನಮ್ಮ ಅತ್ತೆಯವರು ಬೀಡಿ ಸೇದುವವರಲ್ಲ, ಆದರೆ ದಿನಕ್ಕೆ ಹಲವು ಬಾರಿ ಹಲ್ಲು ಒಸಡಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕುತ್ತಾರೆ. ಮೈದುನನಿಗೆ ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ ಮಾವಾ ಬೇಕು. ಹೊಗೆ ಇಲ್ಲದ್ದರಿಂದ ರಕ್ತನಾಳಕ್ಕೆ ತೊಂದರೆಯಿಲ್ಲ ಎಂದು ಇಬ್ಬರೂ ಹೇಳುತ್ತಾರೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ.

ನಿಪ್ಪಾಣಿಯವ, ನಿಪ್ಪಾಣಿ

ಹೊಗೆಯಿಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಇಲ್ಲ, ಅಷ್ಟರ ಮಟ್ಟಿಗೆ ಅವರ ಮಾತು ಸರಿ. ನಿಕೋಟಿನ್ ಮಾತ್ರ ಒಸಡಿನ ಮೂಲಕ ಧಾರಾಳವಾಗಿ ರಕ್ತಕ್ಕೆ ಹೋಗುತ್ತದೆ, ನಾಳ ಬಿಗಿಯುತ್ತದೆ, ರಕ್ತದೊತ್ತಡ ಏರಿಸುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆಯೂ ಮಾಡುತ್ತದೆ. ಬಾಯಿಯ ಕ್ಯಾನ್ಸರಿನ ವಿಷಯ ಬೇರೆಯೇ ಇದೆ. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಅಂಗಡಿಯಲ್ಲಿ ಮಾವಾ ತಿಕ್ಕುವ ಸದ್ದು ಇನ್ನೂ ನಿಂತಿಲ್ಲ.

ಕ್ರಿಕೆಟ್ ಹುಚ್ಚ, ಬೆಳಗಾವಿ

ನನಗೆ ತಿಳಿದವರೊಬ್ಬರಿಗೆ ಇನ್ನೂ ನಲವತ್ತಾಗಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ಕೊಲೆಸ್ಟ್ರಾಲ್ ಇಲ್ಲ, ಸಿಗರೇಟು ಮಾತ್ರ ಸೇದುತ್ತಾರೆ. ಅವರ ಕಾಲಿನ ಬೆರಳು ಕಪ್ಪಾಗಿದೆ. ಹಾಗಾದರೆ ಎಲ್ಲ ತಪ್ಪೂ ತಂಬಾಕಿನದೇ ಆಯಿತಲ್ಲ? ಸಕ್ಕರೆಯನ್ನು ಏಕೆ ಎಳೆದು ತರುತ್ತೀರಿ?

ಡಾಪ್ಲರ್ ಕೋಣೆ, ವಿಜಯಪುರ

ಅದು ಬಹುಶಃ ಬರ್ಗರ್ ಕಾಯಿಲೆ ಇರಬಹುದು, ವೈದ್ಯರು ನೋಡಿ ಖಚಿತಪಡಿಸಬೇಕು. ಇಲ್ಲಿ ಚರ್ಚಿಸುತ್ತಿರುವುದರ ಹತ್ತಿರದ ಸಂಬಂಧಿ, ಆದರೆ ಬೇರೆ ಕಾಯಿಲೆ. ನಾಳದಲ್ಲಿ ಕೊಬ್ಬು ಕೂಡುವುದರ ಬದಲು ಕೈಕಾಲಿನ ಸಣ್ಣ ಮತ್ತು ಮಧ್ಯಮ ನಾಳಗಳು ಉರಿಯೂತದಿಂದ ಹೆಪ್ಪುಗಟ್ಟುತ್ತವೆ. ತಂಬಾಕು ಬಳಸುವ ತರುಣರಲ್ಲಿ, ನಮ್ಮ ದೇಶದಲ್ಲಿ ಅದರಲ್ಲೂ ಬೀಡಿ ಸೇದುವವರಲ್ಲಿ ಕಾಣುತ್ತದೆ. ಲಿಯೋ ಬರ್ಗರ್ ಎಂಬ ವೈದ್ಯ 1908ರಲ್ಲಿ ವಿವರಿಸಿದ್ದರಿಂದ ಆ ಹೆಸರು ಬಂತು. ಅದಕ್ಕೆ ತಂಬಾಕು ಪೂರ್ತಿ ಬಿಡುವುದನ್ನು ಬಿಟ್ಟು ಬೇರೆ ನಂಬಬಹುದಾದ ಚಿಕಿತ್ಸೆಯಿಲ್ಲ. ದಿನಕ್ಕೆ ಒಂದೇ ಸಿಗರೇಟು ಉಳಿಸಿಕೊಂಡರೂ ಕಾಯಿಲೆ ಮುಂದುವರಿಯುತ್ತದೆ. ಅವರಿಗೆ ಇದನ್ನು ಇವತ್ತೇ ಹೇಳಿ.

ಗಟ್ಟಿಮುಟ್ಟು, ಗೋಕಾಕ

ಸರಿ, ಒಪ್ಪಿದೆ. ಆದರೆ ನಲವತ್ತು ವರ್ಷ ಸೇದಿದವರು ಈಗ ಬಿಟ್ಟು ಏನು ಪ್ರಯೋಜನ? ಆಗಬೇಕಾದ್ದು ಆಗಿಹೋಗಿದೆ.

ಮಲಪ್ರಭೆಯ ಮಗಳು, ಸವದತ್ತಿ

ಇದೇ ಮಾತನ್ನು ನನ್ನ ಗಂಡನೂ ಆಡುತ್ತಿದ್ದರು. ಅಮೆರಿಕದ ಎರಿಕ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂದಾಗ, ಸಿಗರೇಟು ಬಿಟ್ಟವರ ಕಾಲಿನ ನಾಳದ ಅಪಾಯ ಎಂದೂ ಸೇದದವರ ಮಟ್ಟಕ್ಕೆ ಇಳಿಯಲು 30 ವರ್ಷದಷ್ಟು ಕಾಲ ಹಿಡಿಯುತ್ತದೆ ಎಂದು ಹೇಳಿತ್ತು. ಹೃದಯಕ್ಕೆ 20 ವರ್ಷ ಸಾಕಾಗಿತ್ತು. ಇದನ್ನು ಓದಿ ಕೈಚೆಲ್ಲುವವರಿದ್ದಾರೆ. ಆದರೆ ಅಪಾಯ ಬಿಟ್ಟಷ್ಟು ಕಾಲವೂ ಇಳಿಯುತ್ತಲೇ ಹೋಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನದಲ್ಲೇ ರಕ್ತದಿಂದ ಹೊರಟುಹೋಗುತ್ತದೆ.

ಸಿಸ್ಟರ್ ಅಕ್ಕ, ಬೆಳಗಾವಿ

ಇನ್ನೊಂದು ಲೆಕ್ಕವನ್ನೂ ಸೇರಿಸಿಕೊಳ್ಳಿ. ಕಾಲಿಗೆ ಬೈಪಾಸ್ ಮಾಡಿಸಿಕೊಂಡ ಮೇಲೂ ಸೇದುತ್ತಲೇ ಇದ್ದರೆ ಹೊಸದಾಗಿ ಜೋಡಿಸಿದ ನಾಳ ಕಟ್ಟಿಕೊಳ್ಳುವ ಸಂಭವ ಸುಮಾರು 3 ಪಟ್ಟು ಹೆಚ್ಚುತ್ತದೆ. ಮನೆ ಅಡವಿಟ್ಟು ಆಪರೇಷನ್ ಮಾಡಿಸಿ, ಆಸ್ಪತ್ರೆಯ ಗೇಟಿನ ಹೊರಗೆ ಬೀಡಿ ಹಚ್ಚಿದವರನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಬೈದರೆ ಉಪಯೋಗವಿಲ್ಲ, ಅದು ಚಟವಷ್ಟೇ ಅಲ್ಲ, ಮೈಯೇ ಕೇಳುತ್ತದೆ. 1800-11-2356ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ತಂಬಾಕು ಬಿಡಲು ನೆರವು ಕೊಡುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ. ನಿಕೋಟಿನ್ ಚೂಯಿಂಗ್ ಗಮ್ ಮತ್ತು ಗುಳಿಗೆಗಳೂ ಇವೆ, ಅವನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು.

ಕಾಲು ಉಳಿಯುವುದಷ್ಟೇ ಪ್ರಶ್ನೆಯಲ್ಲ ಎಂಬುದನ್ನೂ ಮನೆಯವರು ತಿಳಿದಿರಬೇಕು. ಕಾಲಿನ ನಾಳ ಕಟ್ಟಿಕೊಂಡವರ ಹೃದಯದ ಮತ್ತು ಮಿದುಳಿನ ನಾಳಗಳೂ ಸಾಮಾನ್ಯವಾಗಿ ಅದೇ ದಾರಿಯಲ್ಲಿರುತ್ತವೆ. ಇವರಲ್ಲಿ ಕಾಲು ಕಳೆದುಕೊಳ್ಳುವವರಿಗಿಂತ ಹೃದಯಾಘಾತ ಮತ್ತು ಪಾರ್ಶ್ವವಾಯುವಿಗೆ ತುತ್ತಾಗುವವರು ಹೆಚ್ಚು. ಅದಕ್ಕಾಗಿಯೇ ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಗುಳಿಗೆ, ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಕೊಡುವುದು. ಕಾಲುನೋವು ಕಡಿಮೆಯಾಯಿತು ಎಂದು ಅವನ್ನು ನಿಲ್ಲಿಸಬಾರದು.

ಕಬ್ಬಿನ ಹೊಲ, ಮುಧೋಳ

ಬೆಳಿಗ್ಗೆ ಅಪ್ಪನ ಪಾದ ನೋಡಿದೆವು. ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಜೋಳದ ಕಾಳಿನಷ್ಟು ಹುಣ್ಣಿದೆ, ಅಂಚು ಬೂದುಬಣ್ಣಕ್ಕೆ ತಿರುಗಿದೆ. ನೋವೇ ಇಲ್ಲ, ಎಂದಿನಿಂದ ಇದೆಯೋ ಗೊತ್ತಿಲ್ಲ ಎನ್ನುತ್ತಾರೆ. ಈ ಚರ್ಚೆಯನ್ನು ಅವರಿಗೆ ಓದಿ ಹೇಳಿದೆ. ಪಾದಯಾತ್ರೆಯ ಭಾಗ ಬಂದಾಗ ಮತ್ತೊಮ್ಮೆ ಓದು ಎಂದರು. ಆಮೇಲೆ ಬೀಡಿಯನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದಿದ್ದಾರೆ, ಪೂರ್ತಿ ಬಿಡುತ್ತೇನೆ ಎಂದು ಬಾಯಿ ಬಿಡುತ್ತಿಲ್ಲ. ನಾಳೆಯೇ ದೊಡ್ಡಾಸ್ಪತ್ರೆಗೆ ಹೊರಟಿದ್ದೇವೆ. ಖರ್ಚಿನ ಚಿಂತೆಯೂ ಇದೆ. ಏನೇನು ಒಯ್ಯಬೇಕು?

ಎರೆಮಣ್ಣು, ತಾಳಿಕೋಟೆ

ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬರೆಸಿಕೊಳ್ಳಬೇಕು. ರೇಷನ್ ಕಾರ್ಡು ಮತ್ತು ಆಧಾರ್ ಮರೆಯಬೇಡಿ.

ಸಿಸ್ಟರ್ ಅಕ್ಕ, ಬೆಳಗಾವಿ

ಹುಣ್ಣು ಚಿಕ್ಕದೆಂದು ಮುಂದೂಡದಿರುವುದು ಒಳ್ಳೆಯದಾಯಿತು. ಅದಕ್ಕೆ ಅರಿಶಿನ, ಸುಣ್ಣ ಏನನ್ನೂ ಹಚ್ಚದೆ ಶುದ್ಧ ನೀರಿನಿಂದ ತೊಳೆದು, ಒಣಗಿಸಿ, ಸ್ವಚ್ಛ ಬಟ್ಟೆ ಸಡಿಲವಾಗಿ ಕಟ್ಟಿ ಕರೆದೊಯ್ಯಿರಿ. ರಕ್ತನಾಳದ ಶಸ್ತ್ರಚಿಕಿತ್ಸಕರು ಇರುವ ದಿನವನ್ನು ಫೋನಿನಲ್ಲಿ ವಿಚಾರಿಸಿ, ಆದರೆ ಅವರಿಗಾಗಿ ವಾರಗಟ್ಟಲೆ ಕಾಯಬೇಡಿ, ಸಾಮಾನ್ಯ ಶಸ್ತ್ರಚಿಕಿತ್ಸಕರಿಗಾದರೂ ತೋರಿಸಿ. ನಡುವೆ ಎಂದಾದರೂ ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋವು ಬಂದರೆ ಅಥವಾ ಬೆರಳು ಆಡಿಸಲು ಆಗದಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು, ರಾತ್ರಿಯಾದರೂ ಹೊರಡಿ.

ಅರ್ಧಕ್ಕೆ ಇಳಿಸುವುದರ ಬಗ್ಗೆ: ಇಳಿಸಿದವರು ಉಳಿದ ಬೀಡಿಗಳನ್ನೇ ಆಳವಾಗಿ ಎಳೆಯುತ್ತಾರೆ, ನಾಳಕ್ಕೆ ಅರ್ಧದಷ್ಟು ಲಾಭವೂ ಸಿಗುವುದಿಲ್ಲ. ಬಿಡುವ ದಿನವನ್ನು ಅವರೇ ಗೊತ್ತುಮಾಡಲಿ, ನೀವು ಒತ್ತಾಯಿಸಬೇಡಿ.

ಡಾಪ್ಲರ್ ಕೋಣೆ, ವಿಜಯಪುರ

ಡಾಪ್ಲರ್ ವರದಿಯ ಜೊತೆಗೆ ಚಿತ್ರಗಳಿರುವ ಹಾಳೆಗಳನ್ನೂ ಒಯ್ಯಿರಿ, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿ ಇರಲಿ. ಸಿಟಿ ಆಂಜಿಯೋಗ್ರಾಂ ಮಾಡಿಸಲು ಹೇಳಿದರೆ ಚುಚ್ಚುವ ಬಣ್ಣದ ಔಷಧ ಮೂತ್ರಪಿಂಡಕ್ಕೆ ಹೊರೆಯಾಗಬಹುದು, ಆದ್ದರಿಂದ ಮೊದಲು ಕ್ರಿಯಾಟಿನಿನ್ ನೋಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಬೇಕೇ ಎಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಅಪ್ಪಾಜಿಯವರು ದಿನವೂ ಮೆಟ್ಟುವ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ, ಕಿರುಬೆರಳಿಗೆ ಅದರ ಪಟ್ಟಿಯೇ ಒತ್ತುತ್ತಿರಬಹುದು.

ಕಬ್ಬಿನ ಹೊಲ, ಮುಧೋಳ

ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಕಾಕಾ ತಾನೂ ಬರುತ್ತೇನೆ, ತನ್ನ ಎಚ್‌ಬಿಎ1ಸಿಯನ್ನೂ ಅಲ್ಲೇ ನೋಡಿಸುತ್ತೇನೆ ಎಂದಿದ್ದಾರೆ.